ಟೆಕ್ಸಸ್‌ನಲ್ಲಿ ತಗೊಂಡ ಲೋಯರ್ ರಿಸೀವರ್ ಕ್ಯಾಲಿಫೋರ್ನಿಯಾಗೆ ತಗೊಂಡು ಹೋಗ್ಬಹುದಾ? ಒಬ್ಬೊಬ್ರು ಒಂದೊಂದು ಹೇಳ್ತಿದಾರೆ

ಕೊಡಗಿನ್_ಹುಡುಗ_ಹ್ಯೂಸ್ಟನ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಈ ವಿಷಯ ಕನ್ನಡದಲ್ಲಿ ಕೇಳೋಕೆ ನನಗೆ ಬೇರೆ ಯಾರೂ ಸಿಕ್ಕಿಲ್ಲ, ಇಂಗ್ಲಿಷಲ್ಲಿ ಓದಿ ಓದಿ ತಲೆ ಕೆಟ್ಟು ಹೋಗಿದೆ.

ನಾನು ಕೊಡಗಿನವನು. ನಮ್ಮ ಮನೇಲಿ ಕೋವಿ ಅನ್ನೋದು ಹೊಸದೇನಲ್ಲ, ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆ ಹಬ್ಬ) ದಿನ ಅಜ್ಜ ಕೋವಿ ಎಲ್ಲಾ ಒರೆಸಿ ದೇವರ ಮುಂದೆ ಇಟ್ಟು ನಳಿಗೆ ಬಾಯಿಗೆ ತೋಕ್ ಪೂ ಸಿಕ್ಕಿಸ್ತಿದ್ರು, ನಾವು ಮಕ್ಕಳು ಸುತ್ತ ನಿಂತು ನೋಡ್ತಿದ್ವಿ. ಅಲ್ಲಿ ನಮಗೆ ಲೈಸೆನ್ಸ್ ಬದಲು ಡಿಸಿ ಆಫೀಸಿನ ವಿನಾಯಿತಿ ಪತ್ರ, ಅದರಲ್ಲಿ ಏನು ಬರೆದಿದೆ ಅಂತ ಮನೇಲಿ ಎಲ್ಲರಿಗೂ ಗೊತ್ತು. ಇಲ್ಲಿ ಹಾಗಲ್ಲ, ಒಂದು ಸ್ಟೇಟ್ ಗೆರೆ ದಾಟಿದ್ರೆ ಕಾನೂನೇ ಬೇರೆ.

ವಿಷಯ ಏನಂದ್ರೆ, ಗ್ರೀನ್ ಕಾರ್ಡ್ ಬಂದ ಮೇಲೆ ಹೋದ ವರ್ಷ ಇಲ್ಲೇ ಒಂದು ಗನ್ ಶಾಪಲ್ಲಿ ಎರಡು ಎಆರ್-15 ಲೋಯರ್ ರಿಸೀವರ್ ತಗೊಂಡೆ. ಲೋಯರ್ ಅಂದ್ರೆ ಎಆರ್-15 ರೈಫಲ್‌ನ ಕೆಳಗಿನ ಚೌಕಟ್ಟು, ನಳಿಗೆ ಇರೋ ಮೇಲಿನ ಭಾಗಕ್ಕೆ ಅಪ್ಪರ್ ಅಂತಾರೆ. ಬಂದೂಕು ತಗೊಳ್ಳೋರು ತುಂಬೋ ಫೆಡರಲ್ 4473 ಫಾರಂ ತುಂಬಿದೆ, ಗ್ರೀನ್ ಕಾರ್ಡ್ ಮೇಲಿರೋ ನಂಬರ್ ಹಾಕಿದೆ, ಬ್ಯಾಕ್‌ಗ್ರೌಂಡ್ ಚೆಕ್ ಆಯ್ತು, ಅವತ್ತೇ ಕೈಗೆ ಕೊಟ್ರು. ಒಂದನ್ನ ಸ್ನೇಹಿತನ ಜೊತೆ ಕೂತು ಅಡುಗೆಮನೆ ಟೇಬಲ್ ಮೇಲೆ ನಾಲ್ಕು ವೀಕೆಂಡಲ್ಲಿ ಪೂರ್ತಿ ಜೋಡಿಸಿದೀವಿ, ಮಾಮೂಲಿ ಪಿಸ್ತೂಲ್ ಗ್ರಿಪ್, ಉದ್ದ ಗಿಡ್ಡ ಮಾಡೋ ಸ್ಟಾಕ್ (ಭುಜಕ್ಕೆ ಒರಗಿಸೋ ಭಾಗ), ನಳಿಗೆ ತುದಿಗೆ ಫ್ಲ್ಯಾಶ್ ಹೈಡರ್ (ಗುಂಡು ಹಾರಿದಾಗಿನ ಬೆಳಕು ಕಡಿಮೆ ಮಾಡೋದು), 30 ರೌಂಡ್ ಮ್ಯಾಗಜೀನ್. ಇನ್ನೊಂದು ಹಾಗೇ ಕವರಲ್ಲಿದೆ, ಬರೀ ಅಲ್ಯೂಮಿನಿಯಂ ತುಂಡು.

ಈಗ ಕಂಪನಿ ನನ್ನ ಸ್ಯಾನ್ ಹೋಸೆಗೆ ಟ್ರಾನ್ಸ್‌ಫರ್ ಮಾಡಿದೆ, ಮೂರು ತಿಂಗಳಲ್ಲಿ ಹೊರಡಬೇಕು. ಕೇಳಿದ್ರೆ ಒಬ್ರು ಹೇಳ್ತಾರೆ "ಟೆಕ್ಸಸಲ್ಲಿ ಕಾನೂನು ಪ್ರಕಾರ ತಗೊಂಡಿದ್ದೀಯ, ಹಾಗೇ ತಗೊಂಡು ಹೋಗು, ಫೆಡರಲ್ ಕಾನೂನೇ ರಕ್ಷಣೆ ಕೊಡುತ್ತೆ" ಅಂತ. ನಮ್ಮ ಪರಿಚಯದ ಅಂಕಲ್ ಒಬ್ರು "ಅಪ್ಪರ್ ಲೋಯರ್ ಬೇರೆ ಬೇರೆ ಬಿಚ್ಚಿ ಎರಡು ಪೆಟ್ಟಿಗೇಲಿ ಹಾಕು, ಆಗ ಅದು ಗನ್ನೇ ಅಲ್ಲ, ಬಿಡಿಭಾಗ" ಅಂತಾರೆ. ಜೋಡಿಸೋಕೆ ಸಹಾಯ ಮಾಡಿದ ಸ್ನೇಹಿತ "ಇಲ್ಲಿದ್ದೆಲ್ಲ ಮಾರಿಬಿಡು, ಅಲ್ಲಿ ಹೋಗಿ ಸೀರಿಯಲ್ ನಂಬರ್ ಇಲ್ಲದ ಅರ್ಧಂಬರ್ಧ ರಿಸೀವರ್ ತರಿಸ್ಕೊ, ಪೇಪರೇ ಬೇಡ" ಅಂತಾನೆ. ಮೂವರೂ ಮೂರು ದಿಕ್ಕು.

ಯಾವುದು ಸರಿ? ತಪ್ಪು ಮಾಡೋ ಉದ್ದೇಶ ನನಗಿಲ್ಲ, ಆದ್ರೆ ಗೊತ್ತಿಲ್ಲದೇ ತಪ್ಪಾಗಿಬಿಡುತ್ತೆ ಅನ್ನೋ ಭಯ ಇದೆ.

ಸನ್ನಿವೇಲ್_ಶ್ರೀಧರ

ಕೇಳಿದ್ದು ಒಳ್ಳೇದಾಯ್ತು ಕಣಪ್ಪ, ಎಷ್ಟೋ ಜನ ಕೇಳ್ದೇ ಡಿಕ್ಕಿಗೆ ಹಾಕ್ಕೊಂಡು ಬಂದುಬಿಡ್ತಾರೆ. ನಾನು 18 ವರ್ಷದಿಂದ ಇಲ್ಲಿದೀನಿ, ಈಗ ಸಿಟಿಜನ್, ಇಲ್ಲಿ ರೇಂಜಿಗೆ ಹೋಗೋನು. ವಕೀಲ ಅಲ್ಲ, ಆದ್ರೆ ಈ ಕಾನೂನಿನ ಜೊತೆ ದಿನಾ ಬದುಕ್ತಿದೀನಿ.

ಮೊದಲನೇದು, ಈಗ ಜೋಡಿಸಿಟ್ಟಿದೀಯಲ್ಲ ಆ ರೈಫಲ್, ಅದನ್ನ ಆ ರೂಪದಲ್ಲಿ ಕ್ಯಾಲಿಫೋರ್ನಿಯಾ ಗಡಿ ದಾಟಿಸಬೇಡ. ಇಲ್ಲಿನ ಕಾನೂನಲ್ಲಿ ಅದು ಅಸಾಲ್ಟ್ ವೆಪನ್. ಸೆಮಿ ಆಟೋಮ್ಯಾಟಿಕ್ (ಟ್ರಿಗರ್ ಒಂದು ಸಲ ಎಳೆದ್ರೆ ಒಂದು ಗುಂಡು ಹಾರಿ, ಮುಂದಿನದು ತಾನೇ ತುಂಬ್ಕೊಳ್ಳೋ) ಸೆಂಟರ್‌ಫೈರ್ ರೈಫಲ್, ಮ್ಯಾಗಜೀನ್ ಕಳಚಿ ಹಾಕೋ ಹಾಗಿದ್ರೆ, ಅದರ ಜೊತೆ ಪಿಸ್ತೂಲ್ ಗ್ರಿಪ್ ಆಗಲಿ, ಉದ್ದ ಗಿಡ್ಡ ಆಗೋ ಸ್ಟಾಕ್ ಆಗಲಿ, ಫ್ಲ್ಯಾಶ್ ಹೈಡರ್ ಆಗಲಿ, ಮುಂದಿನ ಹಿಡಿ ಆಗಲಿ, ಯಾವುದಾದ್ರೂ ಒಂದು ಇದ್ರೆ ಸಾಕು. ನಿಂದ್ರಲ್ಲಿ ಮೂರಿದೆ. ಇಲ್ಲಿ ಅಂಥದ್ದು ಇಟ್ಕೊಳ್ಳೋದೇ ಅಪರಾಧ, ಹೊರಗಿಂದ ತಂದ್ರೆ ನೇರ ಫೆಲನಿ, ಅಂದ್ರೆ ಗಂಭೀರ ಅಪರಾಧ. "ಟೆಕ್ಸಸಲ್ಲಿ ಲೀಗಲ್ ಆಗಿತ್ತು" ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಫೆಡರಲ್ ಕಾನೂನು ರಕ್ಷಣೆ ಕೊಡುತ್ತೆ ಅಂದವರು ಅರ್ಧ ಓದಿದಾರೆ. 1986ರ ಕಾನೂನಲ್ಲಿ ದಾರಿ ಮಧ್ಯ ಸಿಗೋ ಸ್ಟೇಟುಗಳನ್ನ ದಾಟಿ ಹೋಗೋರಿಗೆ ಒಂದು ರಕ್ಷಣೆ ಇದೆ, ಗುಂಡು ತೆಗೆದು, ಕೈಗೆ ಸಿಗದ ಜಾಗದಲ್ಲಿ, ಬೀಗ ಹಾಕಿದ ಪೆಟ್ಟಿಗೇಲಿ ಇಟ್ಕೊಂಡು ಹೋಗ್ಬೇಕು. ಆದ್ರೆ ಹೊರಟ ಜಾಗದಲ್ಲೂ ತಲುಪೋ ಜಾಗದಲ್ಲೂ ಎರಡೂ ಕಡೆ ಅದು ಕಾನೂನುಬದ್ಧ ಆಗಿರ್ಬೇಕು. ನಿನ್ನ ತಲುಪೋ ಜಾಗವೇ ಕ್ಯಾಲಿಫೋರ್ನಿಯಾ, ಅಲ್ಲಿ ಅದು ಅಲ್ಲ, ಹಾಗಾಗಿ ಆ ರಕ್ಷಣೆ ನಿನಗೆ ಶುರು ಆಗೋದೇ ಇಲ್ಲ.

ಇಲ್ಲಿ ಇಟ್ಕೊಳ್ಳೋಕೆ ದಾರಿ ಇಲ್ಲ ಅಂತಲ್ಲ. ಇಲ್ಲಿಯೋರು ಎರಡು ರೀತಿ ಮಾಡ್ತಾರೆ. ಒಂದು ಫೀಚರ್‌ಲೆಸ್, ಅಂದ್ರೆ ಆ ಲಿಸ್ಟಲ್ಲಿರೋ ಯಾವ ಅಂಗವೂ ಇಲ್ಲದ ಹಾಗೆ. ನನ್ನದು ಹಾಗೇ ಇದೆ, ಗ್ರಿಪ್ ಜಾಗದಲ್ಲಿ ಮೀನಿನ ರೆಕ್ಕೆ ತರ ಒಂದು ಪ್ಲಾಸ್ಟಿಕ್ ಹಲಗೆ ಹಿಂದಕ್ಕೆ ಚಾಚ್ಕೊಂಡಿರುತ್ತೆ, ಹೆಬ್ಬೆರಳು ಸುತ್ತಿ ಹಿಡಿಯೋಕಾಗಲ್ಲ, ಎಲ್ಲಾ ಬೆರಳ ಜೊತೆ ಒಂದೇ ಪಕ್ಕಕ್ಕೆ ಇಟ್ಕೋಬೇಕು. ಸ್ಟಾಕ್ ಪಿನ್ ಹಾಕಿ ಅಲ್ಲಾಡದ ಹಾಗೆ ಮಾಡಿದೆ, ನಳಿಗೆ ತುದಿಗೆ ಫ್ಲ್ಯಾಶ್ ಹೈಡರ್ ಬದಲು ಮಜಲ್ ಬ್ರೇಕ್, ಅಂದ್ರೆ ಹಿಂದಕ್ಕೆ ಒದೆಯೋದನ್ನ ಕಡಿಮೆ ಮಾಡೋದು. ಮೊದಲು ಒಂದು ತಿಂಗಳು ಕೈಗೆ ಒಗ್ಗಲಿಲ್ಲ, ಆಮೇಲೆ ಅಭ್ಯಾಸ ಆಯ್ತು. ಎರಡನೇದು ಫಿಕ್ಸೆಡ್ ಮ್ಯಾಗಜೀನ್, ರೈಫಲ್‌ನ ಆಕ್ಷನ್ (ಗುಂಡು ತುಂಬಿ ಹಾರಿಸೋ ಯಂತ್ರಭಾಗ) ಬಿಚ್ಚದೇ ಮ್ಯಾಗಜೀನ್ ತೆಗೆಯೋಕಾಗಬಾರದು. ಮುಂಚೆ ಬುಲೆಟ್ ಬಟನ್ ಅಂತ ಒಂದಿತ್ತು, ಚಿಕ್ಕ ಮೊನೆ ಚುಚ್ಚಿ ತೆಗೆಯೋದು, 2017ರ ಜನವರಿಯಿಂದ ಅದು ನಡೆಯಲ್ಲ. ಹಳೇ ವಿಡಿಯೋ ನೋಡಿ ಮೋಸ ಹೋಗ್ಬೇಡ. ಮ್ಯಾಗಜೀನ್ 10 ರೌಂಡಿಗಿಂತ ಜಾಸ್ತಿ ಹಿಡಿಯೋದು ತರಲೇಬೇಡ, ಅಲ್ಲೇ ಯಾರಿಗಾದ್ರೂ ಕೊಟ್ಟು ಬಾ.

ಕವರಲ್ಲಿರೋ ಖಾಲಿ ಲೋಯರ್ ವಿಷಯ. ಅದರ ಪಕ್ಕದಲ್ಲಿ ಕೆತ್ತಿರೋ ತಯಾರಕರ ಹೆಸರು, ಮಾಡೆಲ್ ಹೆಸರು ಎರಡನ್ನೂ ಬರ್ಕೊಂಡು ಕ್ಯಾಲಿಫೋರ್ನಿಯಾ ನ್ಯಾಯ ಇಲಾಖೆಯ ಎಆರ್ ಸೀರೀಸ್ ಲಿಸ್ಟ್ ಜೊತೆ ತಾಳೆ ನೋಡು. ಆ ಲಿಸ್ಟಲ್ಲಿ ಹೆಸರಿದ್ರೆ ಗ್ರಿಪ್ಪೂ ಇಲ್ಲ ಸ್ಟಾಕೂ ಇಲ್ಲ ಅಂತ ಎಷ್ಟು ಹೇಳಿದ್ರೂ ಕೇಳಲ್ಲ, ಹೆಸರಿಗೇ ನಿಷೇಧ. ಇಲ್ದಿದ್ರೆ ಅದನ್ನ ಇಲ್ಲಿಯೋರು ಆಫ್ ಲಿಸ್ಟ್ ಲೋಯರ್ ಅಂತಾರೆ, ಅದನ್ನ ತರಬಹುದು. ತಂದ ಮೇಲೆ 60 ದಿನದೊಳಗೆ ಹೊಸದಾಗಿ ಬಂದವರ ರಿಪೋರ್ಟ್ ಫಾರಂ ನ್ಯಾಯ ಇಲಾಖೆಗೆ ಕಳಿಸ್ಬೇಕು, ಯಾಕಂದ್ರೆ ಕಾನೂನಿಗೆ ಆ ಖಾಲಿ ತುಂಡೇ ಬಂದೂಕು.

ಸೀರಿಯಲ್ ನಂಬರ್ ಇಲ್ಲದ್ದು ತರಿಸ್ಕೊ ಅಂದ ಸ್ನೇಹಿತನ ಮಾತು ಈ ಸ್ಟೇಟಲ್ಲಂತೂ ಕಿವಿಗೇ ಹಾಕ್ಕೋಬೇಡ. 2018ರ ಜುಲೈಯಿಂದಲೇ ಇಲ್ಲಿ ಮನೇಲಿ ಬಂದೂಕು ಮಾಡೋ ಮೊದಲು ಸರ್ಕಾರದ ಹತ್ರ ನಂಬರ್ ತಗೋಬೇಕು ಅಂತ ಬಂತು, 2022ರಲ್ಲಿ ಇನ್ನೂ ಬಿಗಿ ಮಾಡಿ ಅರ್ಧ ಮುಗಿದ ಭಾಗಗಳಿಗೂ ಕಾನೂನು ತಂದ್ರು.

ಧಾರವಾಡ_ಟು_ಆಸ್ಟಿನ್

ಶ್ರೀಧರ ಅವರು ಛಲೋ ಬರದಾರ. ನಾ ಅಂಕಲ್ ಮಾತಿನ ಬಗ್ಗೆ ಅಷ್ಟ ಹೇಳತೀನ್ರಿ, ಅದು ಎಲ್ಲಾರೂ ಮಾಡೋ ತಪ್ಪು.

ಅಪ್ಪರ್ ಅಂದ್ರ ನಳಿಗಿ ಇರೋ ಭಾಗ, ನೋಡಾಕ ಅದ ಬಂದೂಕು ಅನಸತೈತಿ. ಆದ್ರ ಎಆರ್‌ನ್ಯಾಗ ಫೆಡರಲ್ ಕಾನೂನಿನ ಪ್ರಕಾರ ಅದು ಬರೀ ಸಾಮಾನು, ಅಂಚೆಯೊಳಗ ಮನಿಗೆ ಬರತೈತಿ. ಲೋಯರ್ ಅಂದ್ರ ಅಂಗೈ ಮ್ಯಾಲ ಇಡೋವಷ್ಟು ತುಂಡು, ಗುಂಡು ಹಾರಸಾಕ ಬರಂಗಿಲ್ಲ, ಒಂದು ಸ್ಪ್ರಿಂಗ್ ಸಹಿತ ಇರಂಗಿಲ್ಲ, ಆದ್ರ 1968ರ ಗನ್ ಕಂಟ್ರೋಲ್ ಆ್ಯಕ್ಟ್ ಪ್ರಕಾರ ಫ್ರೇಮ್ ಇಲ್ಲಾ ರಿಸೀವರ್ ಅಂದ್ರ ಅದ ಪೂರ್ತಿ ಬಂದೂಕು. ಸೀರಿಯಲ್ ನಂಬರ್ ಅದರ ಮ್ಯಾಲ, ಫಾರಂ ಅದರ ಹೆಸರಿಲೆ, ಪೊಲೀಸರು ಹುಡುಕೂದೂ ಅದನ್ನ. ಬಿಚ್ಚಿ ಎರಡು ಪೆಟ್ಟಿಗ್ಯಾಗ ಹಾಕಿದ್ರ ಒಂದು ಪೆಟ್ಟಿಗ್ಯಾಗ ಬಂದೂಕು ಇದ್ದ ಇರತೈತಿ. ಅಂಕಲ್‌ಗೆ ಹೇಳ್ರಿ.

ಇನ್ನೊಂದು ನನಗ ಆದ ಅನುಭವ. ಓಕ್ಲಹೋಮಾಕ್ಕ ಹೋದಾಗ ಒಂದು ಅಂಗಡಿಯಾಗ ಮರದ ಸ್ಟಾಕಿನ ಬೋಲ್ಟ್ ಆಕ್ಷನ್ ರೈಫಲ್ ಇತ್ತು, ಟೆಕ್ಸಸ್ ಐಡಿ ತೋರಿಸಿ ಫಾರಂ ತುಂಬಿ ತಗೊಂಡೆ, ಏನೂ ತೊಂದ್ರಿ ಆಗಲಿಲ್ಲ. ಅದ ಕೌಂಟರ್ ಮ್ಯಾಲ ಅಗ್ಗಕ್ಕ ಒಂದು ಲೋಯರ್ ಇತ್ತು, ಅದನ್ನೂ ಕೊಡ್ರಿ ಅಂದೆ, ಇದು ಕೊಡಾಕ ಬರಂಗಿಲ್ಲ ಅಂದ್ರು. ನನಗ ಸಿಟ್ಟು ಬಂತು, ಪೂರ್ತಿ ರೈಫಲ್ ಕೊಡತೀರಿ, ತುಂಡು ಕೊಡಂಗಿಲ್ಲ ಅಂದ್ರ ಹ್ಯಾಂಗ ಅಂತ. ಆ ಮಾಲಕರು ಸಮಾಧಾನಲೆ ತಿಳಿಸಿ ಹೇಳಿದ್ರು. ಬ್ಯಾರೆ ಸ್ಟೇಟಿನವರಿಗೆ ಡೀಲರ್ ಕೈಯಾಗ ಕೊಡಬಹುದಾದದ್ದು ರೈಫಲ್ ಮತ್ತ ಶಾಟ್‌ಗನ್ ಅಷ್ಟ, ಅದೂ ಎರಡೂ ಸ್ಟೇಟಿನ ಕಾನೂನಿಗೆ ಸರಿ ಇದ್ರ. ಖಾಲಿ ರಿಸೀವರ್ ಇನ್ನೂ ರೈಫಲ್ ಆಗಿಲ್ಲ, ಪಿಸ್ತೂಲೂ ಆಗಿಲ್ಲ, ಫಾರಂನ್ಯಾಗ ಬ್ಯಾರೇನ ಬರೀತಾರ, ಅದಕ್ಕ ಆ ಸವಲತ್ತು ಇಲ್ಲ, ನಿಮ್ಮ ಊರಿನ ಡೀಲರ್‌ಗೆ ಕಳಸಬೇಕು. ಇದ ಕಾರಣಕ್ಕ ವಯಸ್ಸೂ 21, ರೈಫಲ್ ಆದ್ರ ಫೆಡರಲ್ ಲೆಕ್ಕದಾಗ 18. ಅವತ್ತಿನಿಂದ ನಾ ಯಾವ ಸ್ಟೇಟಿನ ಕೌಂಟರ್ ಮುಂದ ನಿಂತ್ರೂ ಮೊದಲು ಕೇಳತೀನಿ, ಸಾಮಾನಿನ ಮ್ಯಾಲ ಕೈ ಇಡೂದು ಆಮ್ಯಾಲ.

ಹೊಸೂ ಒಂದು ಗೊಂದಲ ಐತಿ. 16 ಇಂಚಿಗಿಂತ ಗಿಡ್ಡ ನಳಿಗಿ ಹಾಕಿದ ರೈಫಲ್‌ಗೆ 200 ಡಾಲರ್ ಟ್ಯಾಕ್ಸ್ ಇತ್ತಲ್ಲ, 2026ರ ಜನವರಿ 1ರಿಂದ ಅದು ಸೊನ್ನೆ ಆಗೇತಿ. ಸೊನ್ನೆ ಆತು ಅಂದ್ರ ಬೇಕಾದಂಗ ಮಾಡ್ಕೋಬಹುದು ಅಂತ ನಮ್ಮ ಹುಡುಗ್ರು ತಿಳಕೊಂಡಾರ. ರೊಕ್ಕ ಹೋಗೇತಿ, ಅರ್ಜಿ ಹೋಗಿಲ್ರಿ. ಮೊದಲು ಅರ್ಜಿ, ಬೆರಳಚ್ಚು, ಒಪ್ಪಿಗಿ, ಆಮ್ಯಾಲ ನಳಿಗಿ. ಕ್ಯಾಲಿಫೋರ್ನಿಯಾಕ್ಕ ಹೊಂಟವರು ಆ ಕಡಿ ನೋಡೂದ ಬ್ಯಾಡ.

ಡಲ್ಲಾಸ್_ನಲ್ಲಿ_ಮಂಡ್ಯ

ಇದೇ ಥ್ರೆಡ್ಡಲ್ಲಿ ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಎಚ್-1ಬಿ. ನನ್ನ ಹೆಂಡ್ತಿ ಇಲ್ಲೇ ಹುಟ್ಟಿದೋರು, ಸಿಟಿಜನ್. ಹಂಟಿಂಗ್ ಲೈಸೆನ್ಸ್ ತಗೊಂಡ್ರೆ ನಾನೂ ಲೋಯರ್ ತಗೋಬಹುದು ಅಂತ ಆಫೀಸಲ್ಲಿ ಹೇಳ್ತಾರೆ, ಇಲ್ಲಾ ಹೆಂಡ್ತಿ ಹೆಸರಲ್ಲಿ ತಗೊಂಡು ನಾನು ಜೋಡಿಸ್ಕೊಳ್ಳೋದು ಅಂತ ಇನ್ನೊಬ್ರು. ಯಾವುದಾದ್ರೂ ಆಗುತ್ತಾ?

ಎಡಿಸನ್_ವಿದ್ಯಾ

ಡಲ್ಲಾಸ್ ಅವರೇ, ಮೊದಲು ನಿಮ್ಗೆ ಹೇಳ್ತೀನಿ, ಆಮೇಲೆ ಮೂಲ ಪ್ರಶ್ನೆ ಕೇಳಿದ ತಮ್ಮಂಗೆ. ನನ್ನ ಯಜಮಾನ್ರು ಎಚ್-1ಬಿ ಇದ್ದಾಗ ಇದನ್ನೆಲ್ಲ ನಾವು ವಕೀಲರ ಹತ್ರ ದುಡ್ಡು ಕೊಟ್ಟು ಕೂತು ಕೇಳಿದ್ವಿ, ಆಗ ಬರ್ಕೊಂಡ ಡೈರಿ ಇನ್ನೂ ಇದೆ.

ಎಚ್-1ಬಿ, ಎಚ್-4, ಎಫ್-1, ಇವೆಲ್ಲ ನಾನ್ ಇಮಿಗ್ರಂಟ್ ವೀಸಾ. ಇವುಗಳ ಮೇಲೆ ಬಂದೋರು ಬಂದೂಕು ಇಟ್ಕೊಳ್ಳೋದು ಫೆಡರಲ್ ಕಾನೂನಲ್ಲೇ ನಿಷೇಧ, ರಿಸೀವರ್ರೂ ಅದರಲ್ಲೇ ಬರುತ್ತೆ. ಯಾವುದಾದ್ರೂ ಸ್ಟೇಟಿನ ಚಾಲ್ತಿಯಲ್ಲಿರೋ ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇರೋದು ನಿಜ. ಆದ್ರೆ ಚಾಲ್ತಿಯಲ್ಲಿರೋ ಅನ್ನೋ ಪದದ ಕೆಳಗೆ ಗೆರೆ ಎಳ್ಕೊಳ್ಳಿ. ಲೈಸೆನ್ಸ್ ಅವಧಿ ಮುಗಿದು ನೀವು ರಿನ್ಯೂ ಮಾಡೋದು ಮರೆತು ಬಂದೂಕು ಬೀರುವಲ್ಲೇ ಇದ್ರೆ ಅವತ್ತಿಂದ ಅದು ಅಪರಾಧ. ಇನ್ನೊಂದು, ಕೆಲಸ ಹೋದ್ರೆ ಸಿಗೋದು ಹೆಚ್ಚಂದ್ರೆ 60 ದಿನ. ಅದೂ ಕಳೆದು ಸ್ಟೇಟಸ್ ತಪ್ಪಿದ್ರೆ ಹಂಟಿಂಗ್ ಲೈಸೆನ್ಸ್ ನಿಮ್ಮನ್ನ ಕಾಪಾಡಲ್ಲ, ಅದು ಬೇರೆ ಕಲಂ. ಈಗಿನ ಲೇಆಫ್ ಕಾಲದಲ್ಲಿ ರಾತ್ರಿ ಎಲ್ಲ ವೀಸಾ ಚಿಂತೆ ಮಾಡೋ ಮನುಷ್ಯ ಬೀರುವಲ್ಲಿರೋ ಬಂದೂಕು ನೆನಪಿಟ್ಕೊಳ್ತಾನಾ? ನೀವೇ ಯೋಚಿಸಿ.

ಹೆಂಡ್ತಿ ಹೆಸರಲ್ಲಿ ತಗೊಂಡು ನಿಮಗೆ ಅಂತ ಜೋಡಿಸೋದು ಬೇಡವೇ ಬೇಡ. ಫಾರಂನಲ್ಲಿ ನಿಜವಾಗಿ ತಗೊಳ್ತಿರೋದು ನೀವೇನಾ ಅಂತ ನೇರವಾಗಿ ಕೇಳಿರುತ್ತೆ. ಸುಳ್ಳು ಬರೆದ್ರೆ ಸಿಕ್ಕಿಹಾಕೊಳ್ಳೋದು ಅವರು. 2022ರಲ್ಲಿ ಬಂದ ಕಾನೂನಲ್ಲಿ ಇದಕ್ಕೆ 15 ವರ್ಷದವರೆಗೆ ಶಿಕ್ಷೆ ಇದೆ. ಅವರು ಅವರಿಗೋಸ್ಕರ ತಗೊಂಡ್ರೂ ಬೀರುವಿನ ಕೀಲಿ, ನಂಬರ್ ನಿಮ್ಮ ಕೈಗೆ ಸಿಗಬಾರದು, ನಿಮ್ಮ ಹತೋಟಿಗೆ ಬಂದ್ರೆ ಅದೂ ಇಟ್ಕೊಂಡ ಹಾಗೇ ಲೆಕ್ಕ.

ಈಗ ಹ್ಯೂಸ್ಟನ್ ತಮ್ಮ. ಮೇಲೆ ಬರೆದೋರೆಲ್ಲ ಬಂದೂಕಿನ ಕಾನೂನು ಸರಿಯಾಗಿ ಹೇಳಿದಾರೆ, ಆದ್ರೆ ನೀನು ಗ್ರೀನ್ ಕಾರ್ಡ್ ಅನ್ನೋದನ್ನ ಯಾರೂ ಎತ್ತಲಿಲ್ಲ. ಸಿಟಿಜನ್ ಆದೋರು ಸ್ಟೇಟ್ ಕಾನೂನು ತಪ್ಪಿದ್ರೆ ದಂಡ, ಜೈಲು, ಅಲ್ಲಿಗೆ ಮುಗೀತು. ಗ್ರೀನ್ ಕಾರ್ಡ್ ಇರೋರಿಗೆ ಹಾಗಲ್ಲ. ಇಮಿಗ್ರೇಷನ್ ಕಾನೂನಲ್ಲಿ ಬಂದೂಕಿನ ಅಪರಾಧ ಅಂತಲೇ ಒಂದು ಪ್ರತ್ಯೇಕ ಕಲಂ ಇದೆ. ಯಾವುದೇ ಕಾನೂನಿಗೆ ವಿರುದ್ಧವಾಗಿ ಬಂದೂಕು ತಗೊಂಡ, ಮಾರಿದ, ಇಟ್ಕೊಂಡ, ಹೊತ್ತುಕೊಂಡು ಹೋದ ಅಂತ ಶಿಕ್ಷೆ ಆದ್ರೆ ಗಡಿಪಾರು ಮಾಡಬಹುದು. ಬಂದು ಎಷ್ಟು ವರ್ಷ ಆಯ್ತು ಅನ್ನೋದೂ ಲೆಕ್ಕಕ್ಕಿಲ್ಲ. ಹದಿನೈದು ವರ್ಷ ಕಾದು ಬಂದಿರೋ ಕಾರ್ಡ್ ಒಂದು ಗ್ರಿಪ್ಪಿಗೋಸ್ಕರ ಹೋಗ್ಬಾರ್ದು ಕಣೋ. ಅದಕ್ಕೇ ಹೇಳ್ತಿದೀನಿ, ಬಂದೂಕಿನ ವಕೀಲರ ಜೊತೆ ಇಮಿಗ್ರೇಷನ್ ವಕೀಲರನ್ನೂ ಒಂದು ಸಲ ಕೇಳು, ಇಬ್ರೂ ಬೇಕು.

ಸ್ಯಾನ್ ಹೋಸೆಲಿ ಇನ್ನೊಂದು ಬಲೆ ಇದೆ. ಅಲ್ಲಿ ಗಾಂಜಾ ಅಂಗಡಿ ಬೀದಿ ಬೀದೀಲಿ ಇದೆ, ಸ್ಟೇಟ್ ಕಾನೂನಲ್ಲಿ ಸರಿ. ಪಾರ್ಟಿಲಿ ಸಿಹಿ ಗಮ್ಮಿ ಅಂತ ಕೊಡ್ತಾರೆ. ಫೆಡರಲ್‌ನಲ್ಲಿ ಅದು ಇನ್ನೂ ಕಾನೂನುಬಾಹಿರ, ಅದನ್ನ ಬಳಸೋರು ಬಂದೂಕು ಇಟ್ಕೊಳ್ಳೋ ಹಾಗಿಲ್ಲ, ಫಾರಂನಲ್ಲೇ ಎಚ್ಚರಿಕೆ ಬರೆದಿದೆ. ಗ್ರೀನ್ ಕಾರ್ಡಿಗೂ ಅದು ಒಳ್ಳೇದಲ್ಲ.

ನಮ್ಮ ನ್ಯೂಜೆರ್ಸಿ ವಿಷಯ ಯಾರಾದ್ರೂ ಇಲ್ಲಿಗೆ ಬರೋರಿದ್ರೆ: ಇಲ್ಲಿ ಬಂದೂಕು ತಗೊಳ್ಳೋಕೆ ಮೊದಲು ಐಡಿ ಕಾರ್ಡ್, ಅದಕ್ಕೆ ಲೋಕಲ್ ಪೊಲೀಸ್, ಬೆರಳಚ್ಚು, ಮಾನಸಿಕ ಆರೋಗ್ಯದ ದಾಖಲೆ ನೋಡೋಕೆ ಒಪ್ಪಿಗೆ, ಗೊತ್ತಿರೋರ ರೆಫರೆನ್ಸ್. ನಮಗೆ ಪಕ್ಕದ್ಮನೆ ಗುಜರಾತಿ ಆಂಟಿ ರೆಫರೆನ್ಸ್ ಕೊಟ್ರು. ಸೀರಿಯಲ್ ನಂಬರ್ ಇಲ್ಲದ ಬಂದೂಕು ಮಾಡೋಕೆ ಬಿಡಿಭಾಗ ತರಿಸೋದು 2018ರಿಂದಲೇ ಇಲ್ಲಿ ಅಪರಾಧ.

ರೆಡ್‌ಮಂಡ್_ರವಿ

ವಾಷಿಂಗ್ಟನ್ ಸ್ಟೇಟ್ ಬಗ್ಗೆ ಎರಡು ಸಾಲು, ಇಲ್ಲಿಗೂ ನಮ್ಮವರು ತುಂಬಾ ಜನ ಬರ್ತಾರೆ. ಇಲ್ಲಿನ ಅಸಾಲ್ಟ್ ವೆಪನ್ ಕಾನೂನು 2023ರ ಏಪ್ರಿಲ್ 25ಕ್ಕೆ ಸಹಿ ಆಯ್ತು, ಅವತ್ತೇ ಜಾರಿ. ಮೊದಲೇ ಇಲ್ಲಿದ್ದವರು ಇಟ್ಕೊಂಡಿರಬಹುದು, ಹೊಸದಾಗಿ ಮಾಡೋದು, ಮಾರೋದು, ಹೊರಗಿಂದ ತರೋದು ಇಲ್ಲ, ಎಆರ್-15 ಹೆಸರು ಹೇಳಿಯೇ ನಿಷೇಧ. ಕ್ಯಾಲಿಫೋರ್ನಿಯಾದ ಫೀಚರ್‌ಲೆಸ್ ಉಪಾಯ ಇಲ್ಲಿಗೆ ಬರಲ್ಲ. ಅಲ್ಲಿ ಸರಿ ಇದ್ದದ್ದು ಇಲ್ಲಿ ಸರಿ ಅಂತ ಅಂದ್ಕೋಬೇಡಿ. ಇಲಿನಾಯ್‌ಗೆ ಹೋಗೋರೂ ಅಲ್ಲಿನ 2023ರ ಜನವರಿಯ ಅಸಾಲ್ಟ್ ವೆಪನ್ ಕಾನೂನು ನೋಡ್ಕೊಳ್ಳಿ, ಅಲ್ಲಿ ಬಂದೂಕು ಇಟ್ಕೊಳ್ಳೋಕೇ ಒಂದು ಕಾರ್ಡ್ ಬೇಕು.

ಕೊಡಗಿನ್_ಹುಡುಗ_ಹ್ಯೂಸ್ಟನ್

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ವಿದ್ಯಾ ಅಕ್ಕ, ನೀವು ಬರೆದಿದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ, ಬೆಳಿಗ್ಗೆ ಎದ್ದು ಮೊದಲು ಇಮಿಗ್ರೇಷನ್ ವಕೀಲರಿಗೆ ಫೋನ್ ಮಾಡಿದೆ, ಗುರುವಾರಕ್ಕೆ ಟೈಮ್ ಕೊಟ್ಟಿದಾರೆ.

ಸ್ನೇಹಿತನಿಗೆ ಈ ಥ್ರೆಡ್ ತೋರಿಸಿದೆ. ಅವನು "ಅರ್ಧಂಬರ್ಧ ರಿಸೀವರ್ ಗನ್ ಅಲ್ಲ ಅಂತ ಕೋರ್ಟೇ ಹೇಳಿದೆಯಲ್ಲ" ಅಂತ ವಾದ ಮಾಡ್ದ. ಇಬ್ರೂ ಕೂತು ಹುಡುಕಿದ್ವಿ. ಕೆಳಗಿನ ಕೋರ್ಟ್ ಅವನು ಹೇಳಿದ ಹಾಗೆ ಹೇಳಿತ್ತು ನಿಜ, ಆದ್ರೆ 2025ರ ಮಾರ್ಚ್ 26ಕ್ಕೆ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನ ತಳ್ಳಿಹಾಕಿ, ಅಂಥ ಕೆಲವು ಅರ್ಧಂಬರ್ಧ ಭಾಗಗಳನ್ನೂ ಬಂದೂಕು ಅಂತ ಲೆಕ್ಕ ಹಾಕೋ 2022ರ ಫೆಡರಲ್ ರೂಲ್ ಉಳಿಸಿದೆ, ತೀರ್ಪು ಬರೆದಿದ್ದು ಜಸ್ಟಿಸ್ ಗೋರ್ಸಚ್. ಅವನೂ ಒಪ್ಕೊಂಡ.

ನನ್ನ ಯೋಚನೆ ಈಗ ಹೀಗಿದೆ. ಜೋಡಿಸಿದ ರೈಫಲ್ ಪೂರ್ತಿಯಾಗಿ ಸ್ನೇಹಿತನಿಗೇ ಮಾರ್ತೀನಿ, ಅವನು ಸಿಟಿಜನ್, ಟೆಕ್ಸಸಲ್ಲೇ ಇರೋನು, 30 ರೌಂಡ್ ಮ್ಯಾಗಜೀನೂ ಅವನಿಗೇ. ಬಾಯಿಮಾತಲ್ಲಿ ಬೇಡ ಅಂತ ಗನ್ ಶಾಪಲ್ಲೇ ಫಾರಂ ತುಂಬಿ ಕೊಡ್ತೀನಿ, ನನ್ನ ಹೆಸರಿಂದ ಹೋದ ದಾಖಲೆ ಇರಲಿ. ಕವರಲ್ಲಿರೋ ಲೋಯರ್ ಮೇಲಿನ ಹೆಸರು ಟಾರ್ಚ್ ಹಾಕಿ ಓದಿ ಲಿಸ್ಟ್ ಜೊತೆ ಎರಡು ಸಲ ತಾಳೆ ನೋಡಿದೆ, ಇಲ್ಲ. ವಕೀಲರು ಸರಿ ಅಂದ್ರೆ ಅದೊಂದನ್ನ ಬೀಗದ ಪೆಟ್ಟಿಗೇಲಿ ತರ್ತೀನಿ, ಅಲ್ಲಿ ಬಂದು ಫೀಚರ್‌ಲೆಸ್ ಆಗಿ ನಿಧಾನಕ್ಕೆ ಜೋಡಿಸ್ತೀನಿ. ಈಗ ಮಾರೋ ಬದಲು ಅವನ ಹತ್ರ ಇಟ್ಟು ಹೋದ್ರೆ ಆಮೇಲೆ ವಾಪಸ್ ಪಡೆಯೋಕೆ ಆಗುತ್ತಾ ಅಂತಲೂ ಒಂದು ಆಸೆ ಇದೆ, ನಾನೇ ಜೋಡಿಸಿದ ಮೊದಲನೇದು.

ಶ್ರೀಧರ ಸರ್, ಆ 60 ದಿನ ಯಾವತ್ತಿಂದ ಲೆಕ್ಕ? ನಾನು ಅಲ್ಲಿ ಮನೆ ಮಾಡಿದ ದಿನದಿಂದಾನಾ?

ಸನ್ನಿವೇಲ್_ಶ್ರೀಧರ

ಅಲ್ಲ, ಲೋಯರ್ ಗಡಿ ಒಳಗೆ ತಂದ ದಿನದಿಂದ. ಬರೋ ದಾರೀಲಿ ಗಡಿ ಹತ್ರ ಪೆಟ್ರೋಲ್ ಹಾಕಿಸಿದ ರಸೀದಿ ಒಂದು ಇಟ್ಕೊ, ತಾರೀಕಿಗೆ ಸಾಕ್ಷಿ ಇರುತ್ತೆ.

ಬಿಟ್ಟು ಬಂದ್ರೆ ವಾಪಸ್ ಅವನ ಕೈಯಿಂದ ನೇರವಾಗಿ ಇಸ್ಕೊಂಡು ಬರೋದು ಅಂತ ಪ್ಲಾನ್ ಮಾಡ್ಬೇಡ, ಆಗ ನೀವಿಬ್ರೂ ಬೇರೆ ಬೇರೆ ಸ್ಟೇಟಿನೋರು, ಇಲ್ಲಿನ ಡೀಲರ್ ಮೂಲಕವೇ ಬರ್ಬೇಕು. ಇಲ್ಲಿ ಡೀಲರ್ ಹತ್ರ ಬಂದ್ರೆ 10 ದಿನ ಕಾಯೋದು, ಸೇಫ್ಟಿ ಸರ್ಟಿಫಿಕೇಟ್ ಪರೀಕ್ಷೆ ಬರೆಯೋದು ಎಲ್ಲಾ ಇದೆ. ಈಗಿರೋ ರೂಪದಲ್ಲಿ ಡೀಲರ್ ಮುಟ್ಟೋದೂ ಇಲ್ಲ. ಮಾರೋದೇ ಸರಿ. ಇಲ್ಲಿ ಹೊಸದು ತಗೊಳ್ಳೋದಾದ್ರೆ 2024ರ ಜುಲೈಯಿಂದ ಮಾಮೂಲಿ ಟ್ಯಾಕ್ಸ್ ಮೇಲೆ ಇನ್ನೂ 11 ಪರ್ಸೆಂಟ್ ಇದೆ, ಬಜೆಟಲ್ಲಿ ಸೇರಿಸ್ಕೊ. ಸ್ಟಾಕ್ ಪಿನ್ ಹಾಕೋ ಟೂಲ್ ನನ್ನ ಹತ್ರ ಇದೆ, ಬಂದ ಮೇಲೆ ಮೆಸೇಜ್ ಮಾಡು.